ಜಗಲಿಯ ಮೇಲೆ ಮೂವತ್ತೊಂದು ಅಡಿಕೆ

ಶಿರಸಿಯ ಮನೆ ಜಗಲಿಯಲ್ಲಿ ಅಪ್ಪಯ್ಯ ಚಾಲಿ ಅಡಿಕೆ ಆರಿಸುತ್ತ ಕೂತಿದ್ದರು. ಪಕ್ಕದಲ್ಲಿ ನನ್ನ ಮಗಳು 31 ಅಡಿಕೆ ಇಟ್ಟುಕೊಂಡು ಸಾಲು ಜೋಡಿಸುತ್ತಿದ್ದಳು. ಎರಡೆರಡು, ಮೂರುಮೂರು, ಐದೈದು, ಹೇಗಿಟ್ಟರೂ ಒಂದು ಹೆಚ್ಚು. "ಅಜ್ಜಾ, ಒಂದು ಉಳದೇ ಉಳೀತು ನೋಡು" ಅಂದಳು.

ಅವಿಭಾಜ್ಯ ಸಂಖ್ಯೆ ಅಂದರೆ ಇಷ್ಟೇ. ಸಮ ಸಾಲಿಗೆ ಕೂರುವುದಿಲ್ಲ. 31ಕ್ಕೆ ಐದರವರೆಗೆ ನೋಡಿದರೆ ಸಾಕು, ಆರಾರಲೇ 36 ಆಗಿ ದಾಟಿಹೋಗುತ್ತದೆ.

ನನಗೆ ಆಗ ನೆನಪಾಗಿದ್ದು ನನ್ನ ಪ್ರೀತಿಯ ಸಂಖ್ಯೆ. 127 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದು:

170141183460469231731687303715884105727

39 ಅಂಕೆ. ಇದನ್ನು ಭಾಗಿಸಿ ಭಾಗಿಸಿ ನೋಡುವುದಾದರೆ, ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರ ಬೆಸಸಂಖ್ಯೆಗಳನ್ನಷ್ಟೇ ಹಿಡಿದರೂ 200 ವರ್ಷ ದಾಟುತ್ತದೆ. ಆದರೆ ಫ್ರಾನ್ಸಿನ ಗಣಿತಜ್ಞ ಲೂಕಾಸ್ 1876ರಲ್ಲೇ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಇದು ಅವಿಭಾಜ್ಯ ಅಂತ ತೋರಿಸಿದ. 75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ.

"ಭಾಗ ಮಾಡ್ದೇ ಹೆಂಗೆ ಗೊತ್ತಾಗ್ತು, ತಮ್ಮಾ?" ಅಪ್ಪಯ್ಯ ಕೈ ನಿಲ್ಲಿಸಿ ಕೇಳಿದರು.

ಅಡಿಕೆಯಲ್ಲೇ ತೋರಿಸಿದೆ. ಲೂಕಾಸನ ದಾರಿಯನ್ನು ಆಮೇಲೆ ಅಮೆರಿಕದ ಗಣಿತಜ್ಞ ಲೆಹ್ಮರ್ ಸುಲಭ ಮಾಡಿದ, ಅದು ಹೀಗೆ. 4ರಿಂದ ಶುರು. ಅದನ್ನು ಅದರಿಂದಲೇ ಗುಣಿಸಿ ಎರಡು ತೆಗೆಯಬೇಕು: 14. ಮತ್ತೆ ಹಾಗೇ: ಹದಿನಾಲ್ಕರ ಹದಿನಾಲ್ಕು ಸಾಲು, ಎರಡು ತೆಗೆದರೆ 194. ಅದರಿಂದ 31ರ ಗುಂಪು ಆರು ಎತ್ತಿಟ್ಟೆವು, 8 ಉಳಿಯಿತು. ಎಂಟರ ಎಂಟು ಸಾಲು ಮಗಳೇ ಇಟ್ಟಳು, ಎರಡು ತೆಗೆದಳು. 62. ಸರಿಯಾಗಿ 31ರ ಎರಡು ಗುಂಪು, ಜಗಲಿ ಖಾಲಿ! ಸೊನ್ನೆ ಬಂತು ಅಂದರೆ ಅವಿಭಾಜ್ಯ. 31 ಅಂದರೆ ಐದು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಮ್ಮಿ, ಆ ಐದಕ್ಕೆ ಎರಡು ಕಮ್ಮಿ, ಮೂರೇ ಸುತ್ತು. ಆ 39 ಅಂಕೆಯದಕ್ಕೆ 125 ಸುತ್ತು ಸಾಕು. ಈ ಜಾತಿಯ ಸಂಖ್ಯೆಗಳಿಗೆ ಮಾತ್ರ ನಡೆಯುವ ಉಪಾಯ ಇದು.

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. 67 ಎರಡುಗಳನ್ನು ಗುಣಿಸಿ ಒಂದು ಕಳೆದ ಸಂಖ್ಯೆ ಅವಿಭಾಜ್ಯ ಅಲ್ಲ ಅಂತಲೂ ಲೂಕಾಸ್ ಅದೇ ವರ್ಷ ಹೇಳಿದ್ದ. ಆದರೆ ಯಾವುದರಿಂದ ಭಾಗವಾಗುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ. 193707721 ಮತ್ತು 761838257287 ಅಂತ ಅಮೆರಿಕದ ಗಣಿತಜ್ಞ ಕೋಲ್ ತೋರಿಸಿದ್ದು 1903ರಲ್ಲಿ. ಒಡೆಯುತ್ತದೆ ಅಂತ ಗೊತ್ತು, ಎಲ್ಲಿ ಒಡೆಯುತ್ತದೆ ಅಂತ ಗೊತ್ತಿಲ್ಲ. 27 ವರ್ಷ!

ಮಗಳಿಗೆ ಈಗ 127 ಬೇಕಂತೆ. ಅದು ಏಳು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಮ್ಮಿ, ಐದು ಸುತ್ತು. ಅಡಿಕೆ ಸಾಲದು, ಬರೆಯೋ ಪಟ್ಟಿ ತಾ ಅಂದೆ. ಪ್ರತಿ ಸುತ್ತಿಗೂ 127ರ ಗುಂಪು ಎತ್ತಿಟ್ಟು ಉಳಿದದ್ದು: 4, 14, 67, 42, 111. ಕೊನೆಯ ಸುತ್ತು ಅವಳದ್ದೇ. 111ನ್ನು 111ರಿಂದ ಗುಣಿಸಿ ಎರಡು ಕಳೆದು 12319 ಬರೆದಳು. ಪೆನ್ಸಿಲ್ ಕಚ್ಚುತ್ತ 127ರಿಂದ ಭಾಗಿಸಿದಳು. 97 ಸಲ. ಉಳಿದದ್ದು ಸೊನ್ನೆ.