ಒಂದು ಜಾಮೀನು ಸಹಿ

ಬೆಳಿಗ್ಗೆ ಹೂವಿನಮ್ಮ ಮಲ್ಲಿಗೆ ಅಳೆಯುತ್ತಾ ಕೇಳಿದರು. "ಅಕ್ಕಾ, ಸಾಲಕ್ಕೆ ಒಂದು ಜಾಮೀನು ಸಹಿ ಹಾಕ್ತೀರಾ?"

"ಮನೇಲಿ ಕೇಳಿ ಹೇಳ್ತೀನಿ" ಅಂದೆ. ಸುಳ್ಳು. ಮನೆಯಲ್ಲಿ ಕೇಳೋಕೆ ಯಾರಿದ್ದಾರೆ, ನಾನೊಬ್ಬಳೇ.

ಆಗಿನಿಂದ ಪಾಕಿಸ್ತಾನದ ಲಾಹೋರಿನಲ್ಲಿ ಬಡವರಿಗೆ ಸಣ್ಣ ಸಾಲ ಕೊಡುವ ಅಖುವತ್ ಸಂಸ್ಥೆ ತಲೆಯಲ್ಲಿ ಕೂತಿದೆ. 2001ರಲ್ಲಿ ಅಮ್ಜದ್ ಸಾಕಿಬ್ ಶುರು ಮಾಡಿದ್ದು. ಮೊದಲ ಸಾಲ ಒಬ್ಬ ವಿಧವೆಗೆ, 10,000 ರೂಪಾಯಿ. ಬಡ್ಡಿ ಇಲ್ಲ. ಕರ್ಜ್-ಎ-ಹಸನ್ ಅಂತಾರೆ, ತಗೊಂಡಷ್ಟೇ ವಾಪಸ್ ಕೊಟ್ಟರಾಯಿತು. ಸಾಲವನ್ನು ಮಸೀದಿಯಲ್ಲಿ ಎಲ್ಲರ ಮುಂದೆ ಕೊಡುತ್ತಾರೆ, ಚರ್ಚಿನಲ್ಲೂ ಕೊಟ್ಟಿದ್ದಾರೆ. 2021ರಲ್ಲಿ ಸಾಕಿಬ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಓದಿ ಖುಷಿಪಟ್ಟಿದ್ದೆ.

ಆದರೆ ಅಲ್ಲೂ ಜಾಮೀನುದಾರರು ಬೇಕು.

ಒಡವೆ ಬೇಡ, ಪಹಣಿ ಬೇಡ, ಗೊತ್ತಿರುವವರ ಮಾತು ಸಾಕು. ಅಡವಿಡಲು ಏನೂ ಇಲ್ಲದವರಿಗೆ ಇದು ದೊಡ್ಡ ವಿಷಯವೇ. ಗೊತ್ತಿರುವವರೇ ಇಲ್ಲದಿದ್ದರೆ? ನಿನ್ನೆಯಷ್ಟೇ ಊರು ಬಿಟ್ಟು ಬಂದವಳು ಯಾರನ್ನು ಕರೆತರಬೇಕು? ಹಾಸಿಗೆ ಹಿಡಿದವರ ಪರವಾಗಿ ಯಾರು ನಿಲ್ಲುತ್ತಾರೆ? ಅಂಥವರಿಗೆ ಸಾಲಕ್ಕಿಂತ ಜಕಾತ್, ಅಂದರೆ ಇಸ್ಲಾಂನಲ್ಲಿ ಉಳ್ಳವರು ಕೊಡಲೇಬೇಕಾದ ದಾನ, ಸರಿ ಅನ್ನಿಸುತ್ತದೆ. ವಾಪಸ್ ಕೇಳದ ದುಡ್ಡು.

ನಮ್ಮ ಹೂವಿನಮ್ಮನಿಗೆ ಗೊತ್ತಿರುವವರಿಗೇನೂ ಕಡಿಮೆ ಇಲ್ಲ. ಇಡೀ ಬೀದಿಯೇ ಗೊತ್ತು. ಎಲ್ಲರೂ ನನ್ನ ಹಾಗೇ "ಮನೇಲಿ ಕೇಳಿ" ಹೇಳುವವರು, ಅಲ್ವಾ.

ಎರಡು ಮೊಳ ಮಲ್ಲಿಗೆ ಕೊಟ್ಟು ಹೋದರು. ಮನೆಗೆ ಬಂದು ಸುಮ್ನೆ ಅಳೆದು ನೋಡಿದೆ. ಒಂದು ಗೇಣು ಜಾಸ್ತಿಯೇ ಇತ್ತು.