ಕೌಂಟಿ ಜೈಲಿನ ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಿದ್ದು

ಹೋದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿ, "ಅಕ್ಕಾ, ಮಗ ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ, ಸ್ವಲ್ಪ ವಿಚಾರಿಸ್ತೀರಾ?" ಎಂದು ಕೇಳಿದರು. ಎಲ್ ಪಾಸೊದಲ್ಲಿ ಎಂ.ಎಸ್. ಓದುತ್ತಿದ್ದ ಹುಡುಗ ಸ್ನೇಹಿತರನ್ನು ಕಾಣಲು ನಮ್ಮೂರು ಸ್ಯಾನ್ ಆಂಟೋನಿಯೋ ಕಡೆಗೆ ಒಬ್ಬನೇ ಕಾರಿನಲ್ಲಿ ಹೊರಟವನು ತಲುಪಿರಲಿಲ್ಲ. ಈ ಎರಡು ಊರುಗಳ ನಡುವಿನ ಐ-10 ಹೆದ್ದಾರಿ ಸುಮಾರು 550 ಮೈಲಿ ಉದ್ದವಿದ್ದು, ಅದರ ಬಹುಭಾಗ ಜನವಸತಿಯೇ ವಿರಳವಾದ ಪಶ್ಚಿಮ ಟೆಕ್ಸಾಸ್‌ನ ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ವಿಭಾಗಗಳ, ಮೂಲಕ ಹಾದುಹೋಗುತ್ತದೆ. ದಾರಿಯ ಆಸ್ಪತ್ರೆಗಳನ್ನೆಲ್ಲ ಅವನ ಸ್ನೇಹಿತರು ಅಷ್ಟರಲ್ಲೇ ವಿಚಾರಿಸಿ ಮುಗಿಸಿದ್ದರು. ಜೈಲುಗಳನ್ನೂ ಕೇಳಿ ನೋಡೋಣ ಎನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೊನೆಗೆ ನಾನೇ ಹೇಳಬೇಕಾಯಿತು.

ಹೆದ್ದಾರಿ ಪೊಲೀಸರು ರಾಜ್ಯ ಸರ್ಕಾರದವರಾದರೂ ಅವರಿಗೆ ತಮ್ಮದೇ ಜೈಲು ಇಲ್ಲ. ಯಾವ ಕೌಂಟಿಯ ಗಡಿಯೊಳಗೆ ಹಿಡಿದರೋ ಸಾಮಾನ್ಯವಾಗಿ ಅದೇ ಕೌಂಟಿಯ ಜೈಲಿಗೆ ಒಪ್ಪಿಸುತ್ತಾರೆ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಜನರೇ ಆರಿಸಿದ ಷೆರಿಫ್ ಎಂಬ ಪೊಲೀಸ್ ಮುಖ್ಯಸ್ಥರು ಇರುತ್ತಾರೆ, ಕೌಂಟಿ ಜೈಲು ಅವರ ಸುಪರ್ದಿನಲ್ಲಿರುತ್ತದೆ. ಶಿಕ್ಷೆಯಾಗಿ ರಾಜ್ಯದ ಸೆರೆಮನೆಯಲ್ಲಿರುವವರ ಹೆಸರನ್ನು ಒಂದೇ ತಾಣದಲ್ಲಿ ಹುಡುಕಬಹುದು, ಆದರೆ ನಿನ್ನೆ ಸಂಜೆ ಬಂಧಿತರಾದವರನ್ನು ಕೌಂಟಿ ಕೌಂಟಿಯಾಗಿಯೇ ಹುಡುಕಬೇಕು. ಕೆಲವು ಸಣ್ಣ ಕೌಂಟಿಗಳಲ್ಲಿ ಜೈಲೇ ಇಲ್ಲದೆ, ಬಂಧಿತರನ್ನು ಪಕ್ಕದ ಕೌಂಟಿಗೆ ಕಳುಹಿಸುವುದೂ ಉಂಟು.

ಗಾಬರಿಯಲ್ಲಿ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಹುಡುಗನ ಹೆಸರಿನ ಜೊತೆ ಬಂಧನ ಎಂಬ ಪದ ಸೇರಿಸಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಖಾಸಗಿ ತಾಣವೊಂದಕ್ಕೆ ದುಡ್ಡು ಕಟ್ಟಿದೆ. "ದಾಖಲೆ ಸಿಕ್ಕಿದೆ" ಎಂದು ತೋರಿಸುತ್ತಲೇ ಹಣ ಪಡೆದ ಆ ತಾಣ ಕೊನೆಗೆ ಕೊಟ್ಟದ್ದು ಅದೇ ಹೆಸರಿನ ಬೇರೆ ಯಾರದೋ ಹಳೆಯ ವಿಳಾಸವನ್ನು. ಇಂಥ ತಾಣಗಳು ಬೇರೆಡೆಯ ದಾಖಲೆಗಳನ್ನು ಸಂಗ್ರಹಿಸಿಟ್ಟುಕೊಂಡು ಮಾರುತ್ತವೆಯೇ ಹೊರತು ಜೈಲಿನ ಬಾಗಿಲಲ್ಲಿ ಈ ಹೊತ್ತು ಏನಾಗುತ್ತಿದೆ ಎಂಬುದು ಅವುಗಳಿಗೆ ತಿಳಿದಿರುವುದಿಲ್ಲ. ಮುಂದೆ ದಾರಿಯಲ್ಲಿನ ಕೌಂಟಿಗಳ ಹೆಸರುಗಳನ್ನು ನಕ್ಷೆ ನೋಡಿ ಬರೆದುಕೊಂಡು ಒಂದೊಂದೇ ಷೆರಿಫ್ ಕಚೇರಿಯ ತಾಣವನ್ನು ತೆರೆಯುತ್ತ ಹೋದೆ. ಒಂದು ಕಡೆ ಕೈದಿಗಳ ಪಟ್ಟಿ ಇತ್ತು, ಆದರೆ ಅದು ಶುಕ್ರವಾರದ್ದು. ಇನ್ನೊಂದು ಕಡೆ ಫೇಸ್‌ಬುಕ್ ಪುಟವೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಆಗ ಫೋನ್ ಹಿಡಿದು ಕುಳಿತೆ; ಕೆಲಸವಾದದ್ದು ಅದರಿಂದಲೇ.

ನಾಲ್ಕನೆಯ ಜೈಲಿನಲ್ಲಿ ಫೋನ್ ಎತ್ತಿದ ಮಹಿಳೆ ಹೆಸರು ಮತ್ತು ಹುಟ್ಟಿದ ದಿನಾಂಕ ಕೇಳಿ, ಕೀಲಿಮಣೆ ಒತ್ತಿ ನೋಡಿ, ಅಂಥವರು ಯಾರೂ ಇಲ್ಲ ಎಂದರು. ಫೋನ್ ಇಡುವ ಮುನ್ನ ಏಕೋ ಹುಡುಗನ ಪಾಸ್‌ಪೋರ್ಟು ನೆನಪಾಯಿತು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರು ಎಂಬುದಿಲ್ಲ, ಸ್ವಂತ ಹೆಸರಿನ ಜೊತೆ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ. ಅವನ ಪಾಸ್‌ಪೋರ್ಟಿನಲ್ಲಿ ಎರಡೂ ಹೆಸರುಗಳು ಕೊನೆಯ ಹೆಸರಿನ ಅಂಕಣದಲ್ಲೇ ಅಚ್ಚಾಗಿ, ಮೊದಲ ಹೆಸರಿನ ಅಂಕಣ ಖಾಲಿ ಉಳಿದಿತ್ತು. ಹೀಗಿದ್ದಾಗ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ, ಮುಂದೆ ಚಾಲನಾ ಪರವಾನಗಿಗೂ ಅದೇ ಹತ್ತಿಕೊಳ್ಳಬಹುದು. "ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕಿ ನೋಡುತ್ತೀರಾ?" ಎಂದೆ. ಒಂದು ಕ್ಷಣ ಮೌನ, ಅನಂತರ, "ಇದ್ದಾರೆ ಮೇಡಂ."

ಆಕೆ ಓದಿದ್ದು ನಾಲ್ಕೇ ಸಂಗತಿಗಳನ್ನು: ಶನಿವಾರ ಮಧ್ಯಾಹ್ನ ಅವನನ್ನು ಜೈಲಿನ ದಾಖಲೆಯಲ್ಲಿ ಒಳಗೆ ಬರೆದುಕೊಂಡ ಸಮಯ, ಆರೋಪ, ಬಾಂಡ್ ಎಂದರೆ ಜಾಮೀನಿನ ಮೊತ್ತ, ಮತ್ತು ವಾರಂಟ್ ಹೊರಡಿಸಿದ ಮತ್ತೊಂದು ಕೌಂಟಿಯ ಹೆಸರು. ಹಿಂದಿನ ವರ್ಷ ವೇಗದ ಚಾಲನೆಗೆ ಸಿಕ್ಕಿದ್ದ ಚೀಟಿಯ ದಂಡವನ್ನು ಅವನು ಕಟ್ಟಿರಲಿಲ್ಲ, ಹೇಳಿದ ದಿನ ನ್ಯಾಯಾಲಯಕ್ಕೂ ಹೋಗಿರಲಿಲ್ಲ. ಟೆಕ್ಸಾಸ್‌ನಲ್ಲಿ ಇದು ದಂಡದಲ್ಲೇ ಮುಗಿಯುವ ಕ್ಲಾಸ್ ಸಿ ಅಪರಾಧ, ಆದರೂ ಹಾಜರಾಗದಿದ್ದರೆ ವಾರಂಟ್ ಹೊರಡುತ್ತದೆ. ಬಂಧಿತರನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮವಿದ್ದು, ಅವನ ವಿಚಾರಣೆ ಆ ದಿನ ಮಧ್ಯಾಹ್ನವೇ ಮುಗಿಯಿತು, ಸಂಜೆ ಬಾಂಡ್ ಕಟ್ಟಿ ಕರೆತಂದೆವು. ತುಮಕೂರಿಗೆ ಫೋನ್ ಮಾಡಿದಾಗ ಅಲ್ಲಿ ಬೆಳಗಾಗುತ್ತಿತ್ತು, ಆ ತಾಯಿ ರಾತ್ರಿಯಿಡೀ ಮಲಗಿರಲಿಲ್ಲ.

ಅಪರಿಚಿತಳಾದ ನನಗೆ ಇಷ್ಟೆಲ್ಲ ವಿವರ ಹೇಗೆ ಕೊಟ್ಟರು ಎಂದು ಅನೇಕರು ಅಚ್ಚರಿಪಟ್ಟಿದ್ದಾರೆ. ಟೆಕ್ಸಾಸ್‌ನ ಸಾರ್ವಜನಿಕ ಮಾಹಿತಿ ಕಾಯ್ದೆಯ ಪ್ರಕಾರ ಬಂಧನದ ಮೂಲ ವಿವರಗಳನ್ನು, ತನಿಖೆಯ ನೆಪ ಹೇಳಿ, ಮುಚ್ಚಿಡುವಂತಿಲ್ಲ. ಫೋನಿನಲ್ಲಿ ಸಿಗದಿದ್ದರೆ ಲಿಖಿತವಾಗಿ ಕೇಳಬಹುದು. ಏಕೆ ಬೇಕು ಎಂದು ಕಚೇರಿ ವಿಚಾರಿಸುವಂತಿಲ್ಲ, ಮಾಹಿತಿಯನ್ನು ತಡೆಹಿಡಿಯಬೇಕೆಂದಿದ್ದರೆ ಸಾಮಾನ್ಯವಾಗಿ 10 ಕೆಲಸದ ದಿನಗಳೊಳಗೆ ರಾಜ್ಯದ ಅಟಾರ್ನಿ ಜನರಲ್ ಅವರ ತೀರ್ಮಾನ ಕೋರಬೇಕು. ಇದು ಒಳ್ಳೆಯ ಕಾನೂನು ಎಂದೇ ನನ್ನ ನಂಬಿಕೆ, ಏಕೆಂದರೆ ಪೊಲೀಸರು ಯಾರನ್ನಾದರೂ ಹಿಡಿದು ಎಲ್ಲಿಟ್ಟಿದ್ದೇವೆಂದು ಹೇಳದೆ ಇರುವ ಸ್ಥಿತಿ ಅದಕ್ಕಿಂತ ಬಹಳ ಭಯಂಕರವಾದದ್ದು. ಅಪರಾಧಕ್ಕೆ ಈಡಾದ ಪೀಡಿತರಿಗೂ ಈ ಮಾಹಿತಿ ಬೇಕು: 1993ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಮೇರಿ ಬೈರನ್ ಎಂಬ ಯುವತಿಯನ್ನು, ಜೈಲಿನಿಂದ ಬಿಡುಗಡೆಯಾಗಿ ಬಂದ ಆಕೆಯ ಹಳೆಯ ಗೆಳೆಯನೇ ಕೊಂದ, ಅವನು ಹೊರಬಂದದ್ದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ಅದರಿಂದಾಗಿ 1994ರಲ್ಲಿ ಅಲ್ಲಿ ಶುರುವಾದ, ಪೀಡಿತರಿಗೆ ಸುದ್ದಿ ಮುಟ್ಟಿಸುವ ವೈನ್ (VINE) ಎಂಬ ವ್ಯವಸ್ಥೆಯಲ್ಲಿ ಇಂದು ಟೆಕ್ಸಾಸ್‌ನ ಅನೇಕ ಕೌಂಟಿಗಳೂ ಇದ್ದು, ಹೆಸರು ನೋಂದಾಯಿಸಿಕೊಂಡರೆ ಬಿಡುಗಡೆಯ ಸುದ್ದಿ ಫೋನಿಗೆ ಬರುತ್ತದೆ.

ಆದರೆ ಜೈಲಿನ ಪಟ್ಟಿ ಹೇಳುವುದು ಇಂಥವರನ್ನು ಇಂಥ ಹೊತ್ತಿಗೆ ಇಂಥ ಆರೋಪದ ಮೇಲೆ ಒಳಗೆ ಬರೆದುಕೊಂಡೆವು ಎಂದಷ್ಟೇ. ಆರೋಪ ಸಾಬೀತಾಯಿತೋ, ಕೈಬಿಟ್ಟರೋ ಎಂಬುದು ಅದರಲ್ಲಿರುವುದಿಲ್ಲ. ಅದಕ್ಕೆ ನ್ಯಾಯಾಲಯದ ಕಡತವನ್ನೇ ನೋಡಬೇಕು: ಗಂಭೀರ ಅಪರಾಧವಾದರೆ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ, ಅದಕ್ಕಿಂತ ಕೆಳಗಿನದಾದರೆ ಕೌಂಟಿ ಕ್ಲರ್ಕ್ ಬಳಿ, ನಮ್ಮ ಹುಡುಗನದರಂಥ ಹೆದ್ದಾರಿಯ ಚೀಟಿಯಾದರೆ ಸಣ್ಣ ಪ್ರಕರಣಗಳನ್ನು ನೋಡುವ ಜಸ್ಟಿಸ್ ಆಫ್ ದಿ ಪೀಸ್ ನ್ಯಾಯಾಲಯದಲ್ಲಿ. ಅವನ ಹೆಸರು ಜೈಲಿನ ಪಟ್ಟಿಯಿಂದ ಮರುದಿನವೇ ಹೋಯಿತು. ಆದರೆ ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲಿನ ಅವನ ಫೋಟೋ ಖಾಸಗಿ ತಾಣವೊಂದರಲ್ಲಿ ವಾರಗಟ್ಟಲೆ ಉಳಿದಿತ್ತು. ಇಂಥ ತಾಣಗಳು ತಪ್ಪಾದ ಅಥವಾ ಅಪೂರ್ಣವಾದ ಮಾಹಿತಿಯನ್ನು ತೆಗೆಯಲು ಹಣ ಕೇಳಬಾರದೆಂದು ಟೆಕ್ಸಾಸ್ 2013ರಲ್ಲೇ ಕಾನೂನು ಮಾಡಿದೆ. ಆ ಚಿತ್ರವನ್ನು ಮೂರನೆಯವರಿಗೆ ಕಳುಹಿಸಬೇಡಿ ಎಂದು ಅವನ ಸ್ನೇಹಿತರಲ್ಲಿ ನಾನು ಕೈಮುಗಿದು ಕೇಳಿಕೊಂಡೆ.

ದಂಡ ಕಟ್ಟಿ ಪ್ರಕರಣ ಮುಗಿದ ಮೇಲೆ ಹುಡುಗ ಮತ್ತೆ ಆ ನ್ಯಾಯಾಲಯಕ್ಕೆ ಹೋಗಿ ಮೊಹರು ಹಾಕಿದ ದೃಢೀಕೃತ ಪ್ರತಿಯನ್ನು ತಂದಿಟ್ಟುಕೊಂಡಿದ್ದಾನೆ. ಮುಂದಿನ ವೀಸಾ ಅರ್ಜಿಯಲ್ಲಿ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆ ಇರುತ್ತದೆ, ಅಲ್ಲಿ ಹೌದು ಎಂದೇ ಬರೆದು ಈ ಕಾಗದವನ್ನು ಜೊತೆಗೆ ಒಯ್ಯಬೇಕು. ಅದು ಈಗ ಅವನ ಪಾಸ್‌ಪೋರ್ಟಿನ ಜೊತೆಯಲ್ಲೇ ಇದೆ.