ಚೆಂಡು ಬಿಟ್ಟು ಸೊಂಟ ನೋಡಿ

ಶನಿವಾರ, 8 ನವೆಂಬರ್ 2025

ಗಂಟಲು ಪೂರ್ತಿ ಕಟ್ಟಿದೆ. ನಿನ್ನೆ ರಾತ್ರಿ ಕೂಗಿದ್ದು ಜಾಸ್ತಿ ಆಯಿತು. ಮಧ್ಯಾಹ್ನ ಇಲ್ಲಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತಿದ್ದೇವೆ. ನಾಡಗೀತೆಗೆ ನಾನು ಬಾಯಿ ಅಲ್ಲಾಡಿಸುವುದಷ್ಟೇ. ಹೊರಡುವ ಮೊದಲು ನಿನ್ನೆಯದನ್ನು ಬರೆದಿಟ್ಟುಬಿಡೋಣ ಅಂತ ಕೂತೆ.

ನಿನ್ನೆ ಶುಕ್ರವಾರ. ಟೆಕ್ಸಸ್‌ನಲ್ಲಿ ನವೆಂಬರ್ ತಿಂಗಳ ಶುಕ್ರವಾರ ಸಂಜೆ ಅಂದರೆ ಹೈಸ್ಕೂಲ್ ಫುಟ್‌ಬಾಲ್. ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಕೈಯಲ್ಲಿ ಎಸೆದು, ಕೈಯಲ್ಲಿ ಹಿಡಿದು, ಒಬ್ಬರನ್ನೊಬ್ಬರು ಕೆಡವುವ ಆಟ. ಊರಿನ ಜಾತ್ರೆಗೆ ಸೇರುವಷ್ಟು ಜನ ಸ್ಕೂಲ್ ಹುಡುಗರ ಮ್ಯಾಚಿಗೆ ಸೇರುತ್ತಾರೆ. ನಮಗೆ ಹತ್ತಿರದ ಅಲನ್ ಎಂಬ ಊರಲ್ಲಿ 2012ರಲ್ಲಿ ಕಟ್ಟಿದ ಸ್ಟೇಡಿಯಂಗೆ 6 ಕೋಟಿ ಡಾಲರ್ ಖರ್ಚಾಗಿದೆ. 18,000 ಜನ ಕೂರಬಹುದು. ಒಂದೇ ಒಂದು ಹೈಸ್ಕೂಲಿಗೆ! ನಮ್ಮೂರಿನ ಹೈಸ್ಕೂಲಿಗೆ ಕಾಂಪೌಂಡ್ ಕಟ್ಟಿಸಲು ಎಂಟು ವರ್ಷ ಬೇಕಾಗಿತ್ತು. ಇರಲಿ.

ನಾನು ಹೋಗಿದ್ದು ಪಕ್ಕದ ಮನೆ ಹುಡುಗನಿಗಾಗಿ. ಹನ್ನೆರಡನೇ ಕ್ಲಾಸು. ಕಾರ್ನರ್‌ಬ್ಯಾಕ್. ನಾವು ಈ ಬೀದಿಗೆ ಬಂದಾಗ ಆರನೇ ಕ್ಲಾಸಿನಲ್ಲಿದ್ದ. ನಮ್ಮ ಗರಾಜ್ ಬಾಗಿಲಿಗೆ ಚೆಂಡು ಹೊಡೆದು ಹೊಡೆದು ತಗ್ಗು ಮಾಡಿದ್ದಾನೆ. ಆ ತಗ್ಗನ್ನು ನಾನು ಇನ್ನೂ ರಿಪೇರಿ ಮಾಡಿಸಿಲ್ಲ. ಮುಂದೆ ದೊಡ್ಡ ಆಟಗಾರನಾದರೆ ಬಂದವರಿಗೆ ತೋರಿಸಬಹುದು ಅಲ್ವಾ?

ಕಾರ್ನರ್‌ಬ್ಯಾಕ್, ಸೇಫ್ಟಿ, ಇವರೆಲ್ಲ ಸೇರಿ ಡಿಫೆನ್ಸಿವ್ ಬ್ಯಾಕ್ಸ್. ಇಲ್ಲಿಯವರು ಸುಮ್ನೆ ಡಿಬಿ ಅನ್ನುತ್ತಾರೆ. ತಂಡದ ಕೊನೆಯ ಕಾವಲು. ಎದುರಾಳಿ ರಿಸೀವರ್ ಚೆಂಡು ಹಿಡಿಯಲು ಓಡುತ್ತಾನೆ, ಅವನನ್ನು ಡಿಬಿ ತಡೆಯಬೇಕು. ಎಲ್ಲಿಗೆ ಓಡಬೇಕು ಅಂತ ರಿಸೀವರ್‌ಗೆ ಮೊದಲೇ ಗೊತ್ತು. ಡಿಬಿಗೆ ಗೊತ್ತಿಲ್ಲ. ಅವನು ಮೊದಲ ಕೆಲವು ಹೆಜ್ಜೆ ಹಿಂದಕ್ಕೆ ಹಿಂದಕ್ಕೆ ಓಡಿ, ಗಕ್ಕನೆ ತಿರುಗಿ, ಆಮೇಲೆ ಮುಂದಿನವನ ಜೊತೆ ಸರಿಸಮ ಓಡಬೇಕು. ಒಂದು ಹೆಜ್ಜೆ ತಪ್ಪಿದರೆ ಟಚ್‌ಡೌನ್, ಅಂದರೆ ಎದುರಾಳಿ ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸುತ್ತಾನೆ. ಸ್ಟೇಡಿಯಂ ಪೂರ್ತಿ ನೋಡುತ್ತದೆ. ಹೆಜ್ಜೆ ತಪ್ಪದಿದ್ದರೆ ಯಾರೂ ನೋಡುವುದಿಲ್ಲ.

ನಿನ್ನೆ ನನ್ನ ಪಕ್ಕ ಕೂತಿದ್ದು ಹುಡುಗನ ಸೋದರಮಾವ. ಪೂರ್ವ ಟೆಕ್ಸಸ್‌ನ ಹೈಸ್ಕೂಲುಗಳಲ್ಲಿ ಡಿಬಿಗಳಿಗೆ ಕೋಚ್ ಆಗಿದ್ದು ರಿಟೈರ್ ಆದವರು. ಈಗ ಹೈಸ್ಕೂಲ್ ಹುಡುಗರ ಆಟ ಅಳೆದು ಐದರವರೆಗೆ ಸ್ಟಾರ್ ಕೊಡುವ ಒಂದು ಸಂಸ್ಥೆಗೆ ವರದಿ ಬರೆದುಕೊಡುತ್ತಾರೆ. ಸ್ಕೌಟ್. ಅಳಿಯನ ಬಗ್ಗೆ ಮಾತ್ರ ಒಂದಕ್ಷರ ಬರೆಯುವುದಿಲ್ಲವಂತೆ. ನಿನ್ನೆ ಬಂದಿದ್ದೂ ಎದುರು ತಂಡದ ಸೇಫ್ಟಿಯನ್ನು ನೋಡುವುದಕ್ಕೆ. ಕೈಯಲ್ಲಿ ಕಿರಾಣಿ ಲೆಕ್ಕದ ಪುಸ್ತಕದಂಥ ಒಂದು ಸಣ್ಣ ನೋಟ್‌ಬುಕ್ಕು.

ಕಳೆದ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗಿದ್ದರಿಂದ ಬೇಗ ಕತ್ತಲಾಗಿತ್ತು. ನಾನು ನಡುಗೆರೆಯ ಹತ್ತಿರ ಒಳ್ಳೆ ಸೀಟು ಹಿಡಿದಿದ್ದೆ. ಅವರು ನನ್ನನ್ನು ಎಬ್ಬಿಸಿಕೊಂಡು ಮೈದಾನದ ಒಂದು ತುದಿಯ ಮೇಲಿನ ಸಾಲಿಗೆ ಕರೆದುಕೊಂಡು ಹೋದರು. ನಡುವೆ ಕೂತರೆ ಚೆಂಡು ಕಾಣುತ್ತದೆ, ತುದಿಯಲ್ಲಿ ಕೂತರೆ ಹುಡುಗರು ಕಾಣುತ್ತಾರೆ ಅಂದರು. ಸ್ಕೂಲುಗಳೂ ಇದಕ್ಕೇ ಎರಡು ಕ್ಯಾಮೆರಾ ಇಡುತ್ತವೆ, ಒಂದು ಪಕ್ಕದಲ್ಲಿ, ಒಂದು ತುದಿಯಲ್ಲಿ. ಆ ವಿಡಿಯೋಗಳನ್ನು ಹಡಲ್ ಎಂಬ ಆ್ಯಪ್‌ಗೆ ಹಾಕುತ್ತಾರೆ. ಕಾಲೇಜು ಕೋಚ್‌ಗಳು ಅಲ್ಲಿ ನೋಡುತ್ತಾರೆ.

ಮ್ಯಾಚ್ ಶುರುವಾಗುವ ಮೊದಲೇ ಅವರ ಕೆಲಸ ಅರ್ಧ ಮುಗಿದಿತ್ತು. ಹುಡುಗರು ಮೈ ಬಿಸಿ ಮಾಡಿಕೊಳ್ಳುವಾಗ ಆ ಸೇಫ್ಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಹಿಂದಕ್ಕೆ ಓಡುವಾಗ ತಲೆ ಮೇಲೆ ಕೆಳಗೆ ಆಗುತ್ತಾ? ತಿರುಗುವಾಗ ಎಷ್ಟು ಹೆಜ್ಜೆ ಖರ್ಚು ಮಾಡುತ್ತಾನೆ? ತೋಳು ಎಷ್ಟು ಉದ್ದ? ಆಮೇಲೆ ನನ್ನ ಕಿವಿಯಲ್ಲಿ, ಅವನ ಅಪ್ಪ ಅಮ್ಮ ಎಲ್ಲಿ ಕೂತಿದ್ದಾರೆ ಅಂತ ಕೇಳಿದರು. ಯಾಕೆ ಅಂದೆ. ಹದಿನೇಳರ ಹುಡುಗ ಇನ್ನೂ ಎಷ್ಟು ಬೆಳೆಯುತ್ತಾನೆ ಅಂತ ಗೊತ್ತಾಗಲು ತಾಯಿಯ ಎತ್ತರ ನೋಡಬೇಕಂತೆ. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಇಷ್ಟು ಸೂಕ್ಷ್ಮ ಅಲ್ಲ.

“ಏನು ನೋಡಬೇಕು?” ಅಂತ ಕೇಳಿದೆ. “ಸೊಂಟ” ಅಂದರು.

ನನಗೆ ಒಂದು ಕ್ಷಣ ಮದ್ದೂರು ಕಡೆಯ ನಮ್ಮ ಹೈಸ್ಕೂಲ್ ಮೈದಾನ ಕಣ್ಣ ಮುಂದೆ ಬಂತು. ನಾನು ಅಲ್ಲಿ ಕಬಡ್ಡಿ ಆಡಿದವನು. ಎಡ ಕಾರ್ನರ್. ಹೌದು, ಅಲ್ಲೂ ಕಾರ್ನರ್ ಇದೆ, ಕವರ್ ಇದೆ. ರೈಡರ್ ಬಂದಾಗ ಅವನ ಕೈ ನೋಡಬೇಡ, ಮುಖ ನೋಡಬೇಡ, ಸೊಂಟ ಯಾವ ಕಡೆ ತಿರುಗುತ್ತೆ ನೋಡು ಅಂತ ನಮ್ಮ ಪಿಟಿ ಮೇಷ್ಟ್ರು ದಿನಾ ಬೈಯುತ್ತಿದ್ದರು. ಕೈ ಕಾಲಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಸೊಂಟದಲ್ಲಿ ಹೇಳೋಕಾಗಲ್ಲ. ಇಲ್ಲಿ ಡಿಬಿಗಳಿಗೂ ಅದೇ ಪಾಠ, ರಿಸೀವರ್‌ನ ಸೊಂಟ ನೋಡು ಅಂತ. ಸ್ಕೌಟ್ ನೋಡುವುದು ಡಿಬಿಯ ಸೊಂಟ. ಎದುರಿನವನ ಜೊತೆಗೇ ತಿರುಗುತ್ತದೋ, ತುಕ್ಕು ಹಿಡಿದ ಗೇಟಿನ ಹಾಗೆ ತಡೆದು ತಿರುಗುತ್ತದೋ. ಓಟ ಕಲಿಸಬಹುದು, ಹಿಡಿತ ಕಲಿಸಬಹುದು, ಆ ತಿರುಗು ಬಹಳ ಮಟ್ಟಿಗೆ ಹುಟ್ಟಿನಿಂದ ಬರುವುದು ಅನ್ನುತ್ತಾರೆ ಮಾವ. ಮಾವ ಅಂತಲೇ ಬರೆಯುತ್ತೇನೆ, ಎರಡನೇ ಕ್ವಾರ್ಟರ್ ಹೊತ್ತಿಗೆ ನನಗೂ ಮಾವನೇ ಆಗಿದ್ದರು.

ಹುಡುಗರ ವೇಗ ಅಳೆಯುವ 40 ಗಜದ ಓಟದ ಬಗ್ಗೆ ಕೇಳಿದೆ. ಸುಮಾರು ಮೂವತ್ತಾರೂವರೆ ಮೀಟರ್. ಎಲ್ಲ ಹುಡುಗರೂ ತಮ್ಮ ಪೇಜಿನಲ್ಲಿ 4.4 ಸೆಕೆಂಡ್ ಅಂತ ಹಾಕಿಕೊಂಡಿರುತ್ತಾರೆ. ಮಾವ ನಕ್ಕರು. ಸ್ಟಾಪ್‌ವಾಚ್ ಹಿಡಿದ ಅಪ್ಪನ ಹೆಬ್ಬೆರಳಿಗೆ ಮಗನ ಮೇಲೆ ಪ್ರೀತಿ ಜಾಸ್ತಿ ಅಂದರು. ಅವರು ನಂಬುವುದು ಟ್ರ್ಯಾಕ್ ಮೀಟ್‌ನ 100 ಮೀಟರ್, 200 ಮೀಟರ್ ಟೈಮನ್ನು. ಅಲ್ಲಿ ಮಷಿನ್ ಅಳೆಯುತ್ತದೆ. ಇನ್ನು ಎತ್ತರದ ಹುಚ್ಚು. 2014ರ ಫೆಬ್ರವರಿಯಲ್ಲಿ ಸಿಯಾಟಲ್ ತಂಡ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಡೆನ್ವರನ್ನು 43–8ರಿಂದ ಬಡಿಯಿತು. ಆ ತಂಡದ ಕಾರ್ನರ್ ರಿಚರ್ಡ್ ಶೆರ್ಮನ್ ಆರಡಿ ಮೂರಂಗುಲ. ಅಲ್ಲಿಂದ ಎಲ್ಲರಿಗೂ ಉದ್ದ ಕೈಯ, ಉದ್ದ ಕಾಲಿನ ಕಾರ್ನರ್ ಬೇಕು. ಶೆರ್ಮನ್ ಕಾಲೇಜಿಗೆ ಸೇರಿದ್ದು ರಿಸೀವರ್ ಆಗಿ ಅನ್ನುವುದು ಯಾರಿಗೂ ನೆನಪಿಲ್ಲ.

ಈ ಮಾತು ಬಂದ ಮೇಲೆ ಮಾವನ ಬಾಯಿ ನಿಲ್ಲಲಿಲ್ಲ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುವವನನ್ನು ಕೋಚ್ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನನ್ನಾಗಿ ಮಾಡಿರುತ್ತಾನೆ, ಇಲ್ಲವೇ ಚೆಂಡು ಹೊತ್ತು ಓಡುವುದಕ್ಕೆ ಹಾಕಿರುತ್ತಾನೆ. ಹಾಗಾಗಿ ನಾಳೆಯ ಒಳ್ಳೆ ಡಿಬಿ ಇವತ್ತು ಬೇರೆ ಜಾಗದಲ್ಲಿ ಆಡುತ್ತಿರಬಹುದು. ಕೂಪರ್ ಡಿಜೀನ್ ಅಯೋವಾ ರಾಜ್ಯದ ಓಡೆಬೋಲ್ಟ್ ಎಂಬ ಪುಟ್ಟ ಊರಿನವನು. ಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್. ಈ ವರ್ಷ ಫೆಬ್ರವರಿ 9ಕ್ಕೆ ಅವನಿಗೆ 22 ತುಂಬಿತು. ಅದೇ ದಿನ ಸೂಪರ್ ಬೌಲ್‌ನಲ್ಲಿ ಎದುರಾಳಿಯ ಚೆಂಡು ಕಸಿದು ಟಚ್‌ಡೌನ್ ಮಾಡಿದ. ಚಾರ್ಲ್ಸ್ ವುಡ್ಸನ್ ಹೈಸ್ಕೂಲಿನಲ್ಲಿ ಚೆಂಡು ಹೊತ್ತು ಓಡುತ್ತಿದ್ದ. ಮಿಶಿಗನ್‌ನಲ್ಲಿ ಕಾರ್ನರ್ ಆಗಿ 1997ರಲ್ಲಿ ಹೈಸ್ಮನ್ ಟ್ರೋಫಿ ಗೆದ್ದ. ಕಾಲೇಜು ಫುಟ್‌ಬಾಲಿನ ದೊಡ್ಡ ಬಹುಮಾನ ಅದು, ಅದುವರೆಗೆ ಮುಖ್ಯವಾಗಿ ಡಿಫೆನ್ಸ್ ಆಡುವ ಯಾರಿಗೂ ಸಿಕ್ಕಿರಲಿಲ್ಲ. ಆಮೇಲೆ ಸಾಸ್ ಗಾರ್ಡ್ನರ್. ಡೆಟ್ರಾಯಿಟ್ ಹುಡುಗ, ಮೂರೇ ಸ್ಟಾರ್. ಸಿನ್ಸಿನಾಟಿ ಕಾಲೇಜು ತಂಡದಲ್ಲಿ ಮೂರು ವರ್ಷ ಆಡಿ ತಾನು ಕಾಯುತ್ತಿದ್ದವರಿಗೆ ಒಂದೇ ಒಂದು ಟಚ್‌ಡೌನ್ ಬಿಟ್ಟುಕೊಡಲಿಲ್ಲ. ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, ನಾಲ್ಕನೆಯವನಾಗಿ ಹೋದ.

“ಸ್ಟಾರ್ ಕೊಟ್ಟವರು ನೀವೇ ತಾನೆ?” ಅಂದೆ.

ಅವರು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತ ಕೇಳಿಸದವರ ಹಾಗೆ ಇದ್ದರು. ಐದು ಸ್ಟಾರ್ ಸಿಗುವುದು ದೇಶದಲ್ಲಿ ವರ್ಷಕ್ಕೆ ಸುಮಾರು ಮೂವತ್ತೆರಡು ಹುಡುಗರಿಗೆ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಜಾಗ, ಆ ಲೆಕ್ಕ. ಹೈಸ್ಕೂಲ್ ಫುಟ್‌ಬಾಲ್ ಆಡುವವರು ಸುಮಾರು ಹತ್ತು ಲಕ್ಷ. ಅವರಲ್ಲಿ ದೊಡ್ಡ ಕಾಲೇಜು ಲೀಗ್‌ಗೆ, ಅಂದರೆ ಡಿವಿಷನ್ 1ಕ್ಕೆ ಹೋಗುವವರು ನೂರಕ್ಕೆ ಮೂರು.

ಪಕ್ಕದ ಮನೆಯವನಿಗೆ ವಸಂತದಲ್ಲಿ ತಂಡಕ್ಕೆ ಸೇರು ಅಂತ ಒಂದು ಒಳ್ಳೆ ಕಾಲೇಜಿನಿಂದ ಆಫರ್ ಬಂದಿತ್ತು. ಹೆಸರು ಬೇಡ. ಅವತ್ತು ಅವರಪ್ಪ ಬೀದಿಯವರಿಗೆಲ್ಲ ಬಾರ್ಬೆಕ್ಯೂ ಹಾಕಿಸಿದ. ಸೆಪ್ಟೆಂಬರ್‌ನಿಂದ ಅಲ್ಲಿನ ಕೋಚ್ ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೇ. ಯಾಕೆ ಹೀಗೆ ಅಂತ ಮಾವ ವಿವರಿಸಿದರು. ಈ ಜೂನ್‌ನಲ್ಲಿ ಒಂದು ಕೋರ್ಟ್ ಒಪ್ಪಂದ ಆಯಿತು. ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಒಂದೊಂದು ಕಾಲೇಜು ಈ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಆದರೆ ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ 105 ಜನರೇ ಇರಬೇಕು. ಮೊದಲು ಸ್ಕಾಲರ್‌ಶಿಪ್ ಇಲ್ಲದೆ ಸುಮ್ನೆ ಸೇರಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ ಹುಡುಗರು ಇರುತ್ತಿದ್ದರು, ಅವರಿಗೆ ಜಾಗ ಕಡಿಮೆಯಾಯಿತು. ಜೊತೆಗೆ 2018ರಲ್ಲಿ ಬಂದ ಟ್ರಾನ್ಸ್‌ಫರ್ ಪೋರ್ಟಲ್, ಕಾಲೇಜು ಬದಲಿಸಬೇಕು ಅನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ. ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದ ಇಪ್ಪತ್ತೊಂದರ ಕಾರ್ನರ್ ಸಿಗುವಾಗ, ಹದಿನೇಳರ ಹುಡುಗನನ್ನು ತಂದು ಬೆಳೆಸುವ ತಾಳ್ಮೆ ಯಾರಿಗಿದೆ? ಡಿಸೆಂಬರ್ 3ಕ್ಕೆ ಹುಡುಗರು ಕಾಲೇಜುಗಳ ಜೊತೆ ಸಹಿ ಹಾಕುವ ದಿನ. ಅವನ ಹತ್ತಿರ ಈಗ ಉಳಿದಿರುವುದು ಎರಡು ಸಣ್ಣ ಕಾಲೇಜುಗಳ ಆಫರ್.

ಆ ಕೋಚ್ ಮೇಲೆ ನನಗೆ ಸಿಟ್ಟಿದೆ. ಜಾಗ ಇಲ್ಲ ಅಂತ ಬಾಯಿಬಿಟ್ಟು ಹೇಳಲು ಎರಡು ನಿಮಿಷ ಸಾಕು.

ಆಟದ ವಿಷಯಕ್ಕೆ ಬರುತ್ತೇನೆ. ಎದುರು ತಂಡದ ಸೇಫ್ಟಿ ಚೆನ್ನಾಗಿಯೇ ಆಡಿದ. ಓಡಿ ಬರುವವನಿಗೆ ಓರೆಯಾಗಿ ಅಡ್ಡ ಹೋಗಿ ತೊಡೆ ಹಿಡಿದು ಕೆಡವಿದ, ಥೇಟ್ ನಮ್ಮ ಕಬಡ್ಡಿ ಪಟ್ಟು. ಮಾವ ಪುಟ ತುಂಬ ಬರೆದರು. ನಮ್ಮ ಹುಡುಗನ ಕಡೆ ಚೆಂಡೇ ಬರಲಿಲ್ಲ. ಮೂರನೇ ಕ್ವಾರ್ಟರ್ ಹೊತ್ತಿಗೆ ಅವನ ಅಮ್ಮನ ಮುಖ ಸಣ್ಣದಾಗಿತ್ತು. ಎದುರಾಳಿ ಎಸೆದ ಚೆಂಡನ್ನು ನಡುವೆ ಹಿಡಿಯುವ ಒಂದು ಇಂಟರ್ಸೆಪ್ಷನ್ ಆದರೂ ಬೇಡವಾ, ಯಾರಾದರೂ ನೋಡುತ್ತಾರೆ ಅಂತ. ನಾನೂ ಹಾಗೇ ಅಂದುಕೊಂಡೆ.

ಆಗ ಒಂದು ಚೆಂಡು ಆ ಕಡೆಯ ಮೂಲೆಗೆ ಹೋಯಿತು. ನಮ್ಮವರು ಅದನ್ನು ತಟ್ಟಿ ಬೀಳಿಸಿದರು. ಎಲ್ಲರೂ ಎದ್ದು ನಿಂತು ಕೂಗಿದೆವು, ನನ್ನ ಗಂಟಲು ಹೋಗಿದ್ದು ಅಲ್ಲೇ. ಮಾವ ಕೂತೇ ಇದ್ದರು. ಪೆನ್ನು ನಿಂತಿತ್ತು. ಈ ಕಡೆ, ಖಾಲಿ ಮೂಲೆಯಲ್ಲಿ, ಅಳಿಯ ಇನ್ನೂ ರಿಸೀವರ್ ಪಕ್ಕದಲ್ಲಿ ನಿಂತಿದ್ದ.

“ಕ್ವಾರ್ಟರ್‌ಬ್ಯಾಕ್ ಮೊದಲು ಇವನ ಕಡೆ ನೋಡಿದ. ಆಮೇಲೆ ಆ ಕಡೆ ಎಸೆದ” ಅಂದರು. ಅಷ್ಟೇ ಅಂದಿದ್ದು. ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು.

ಇವತ್ತು ಬೆಳಗ್ಗೆ ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ. ಅವಳು ದೋಸೆ ಮಗುಚುತ್ತ, ಏಟು ಬೀಳಲ್ವಾ ಅಂತ ಕೇಳಿದಳು. ಬೀಳುತ್ತೆ. 1978ರ ಆಗಸ್ಟ್‌ನಲ್ಲಿ, ಸೀಸನ್ನಿಗೆ ಮೊದಲಿನ ಲೆಕ್ಕಕ್ಕಿಲ್ಲದ ಒಂದು ಮ್ಯಾಚಿನಲ್ಲಿ, ಡ್ಯಾರಿಲ್ ಸ್ಟಿಂಗ್ಲಿ ಎಂಬ ರಿಸೀವರ್‌ಗೆ ಜಾಕ್ ಟೇಟಮ್ ಎಂಬ ಸೇಫ್ಟಿ ಗುದ್ದಿದ. ಸ್ಟಿಂಗ್ಲಿಯ ಕುತ್ತಿಗೆ ಮುರಿಯಿತು. ಅಂಪೈರ್ ತಪ್ಪು ಅಂತಲೂ ಕೊಡಲಿಲ್ಲ, ಅವತ್ತಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ. 2007ರಲ್ಲಿ ಸಾಯುವವರೆಗೂ ಅವನು ವೀಲ್‌ಚೇರಿನಲ್ಲೇ ಇದ್ದ. ಅವನ ಮೊಮ್ಮಗ ಡೆರೆಕ್ ಸ್ಟಿಂಗ್ಲಿ ಜೂನಿಯರ್ ಈಗ ಇಲ್ಲೇ ಹೂಸ್ಟನ್ ತಂಡದಲ್ಲಿದ್ದಾನೆ. ಕಾರ್ನರ್‌ಬ್ಯಾಕ್. ಅಜ್ಜನನ್ನು ಕೆಡವಿದವನು ನಿಲ್ಲುತ್ತಿದ್ದ ಹಿಂದಿನ ಸಾಲಿನಲ್ಲೇ ಮೊಮ್ಮಗ ನಿಲ್ಲುತ್ತಾನೆ. ಈಗ ಕಾಲೇಜಿನಲ್ಲಿ ತಲೆಗೆ ಗುರಿಯಿಟ್ಟು ಗುದ್ದಿದರೆ ಆಟದಿಂದಲೇ ಹೊರಗೆ ಹಾಕುತ್ತಾರೆ, 2013ರಿಂದ. ಅವಳು ಏನೂ ಅನ್ನಲಿಲ್ಲ. ಮಗನಿಗೆ ಟೆನಿಸ್ ಕ್ಲಾಸು ಮುಂದುವರಿಸೋಣ ಅಂದಳು.

ಹತ್ತು ಗಂಟೆಗೆ ಹುಡುಗನ ಅಪ್ಪ ನಿನ್ನೆಯ ವಿಡಿಯೋ ಕಳಿಸಿದ, ತುದಿ ಕ್ಯಾಮೆರಾದ್ದು. ಆ ಮೂರನೇ ಕ್ವಾರ್ಟರಿನ ಜಾಗಕ್ಕೆ ಹೋಗಿ ಹಾಕಿದೆ. ಕಣ್ಣು ಚೆಂಡಿನ ಹಿಂದೆ ಹೋಯಿತು. ಇನ್ನೊಮ್ಮೆ ಹಾಕಿದೆ, ಮತ್ತೆ ಚೆಂಡಿನ ಹಿಂದೆಯೇ. ಕೊನೆಗೆ ಹೆಬ್ಬೆರಳು ಇಟ್ಟು ಫೋನಿನ ಎಡ ಅರ್ಧ ಮುಚ್ಚಿದೆ.

ರಿಸೀವರ್ ಹತ್ತು ಗಜ ಓಡಿ ಒಳಕ್ಕೆ ತಿರುಗುವವನ ಹಾಗೆ ಭುಜ ಬಗ್ಗಿಸುತ್ತಾನೆ. ತಲೆ ತಿರುಗಿಸುತ್ತಾನೆ. ಕೈ ಕೂಡ ಚಾಚುತ್ತಾನೆ. ನಾನಾಗಿದ್ದರೆ ಒಳಕ್ಕೆ ಹಾರಿಬಿಡುತ್ತಿದ್ದೆ. ನಮ್ಮ ಹುಡುಗನ ಸೊಂಟ ಅಲ್ಲಾಡುವುದಿಲ್ಲ. ಒಂದು ಗಳಿಗೆ ಹಾಗೇ ಕಾಯುತ್ತಾನೆ. ರಿಸೀವರ್ ಹೊರಕ್ಕೆ ಚಿಮ್ಮಿದಾಗ ಇವನೂ ತಿರುಗುತ್ತಾನೆ, ಎಣ್ಣೆ ಹಾಕಿದ ಬಾಗಿಲಿನ ಹಾಗೆ.

ಏಳು ಸಲ ನೋಡಿದೆ. ಕೆಳಗಿನಿಂದ ಹೆಂಡತಿ ಕರೆಯುತ್ತಿದ್ದಾಳೆ, ಬಿಸಿಬೇಳೆಬಾತ್ ಪಾತ್ರೆ ಕಾರಿಗೆ ಇಡಬೇಕಂತೆ.